ದಾಳ ಬಿದ್ದ ಮೇಲೆ

ಬೇರೆ ಊರಿನ ನೆಂಟರ ಜೊತೆ ಚೌಕಾಬಾರ ಆಡಲು ಕೂತರೆ ಕವಡೆ ನೆಲಕ್ಕೆ ಬೀಳುವ ಮೊದಲೇ ಒಂದು ಸಣ್ಣ ಚರ್ಚೆ ನಡೆಯುತ್ತದೆ. ಎದುರಾಳಿಯ ಒಂದಾದರೂ ಕಾಯಿ ಹೊಡೆಯದೆ ಒಳಗಿನ ಮನೆಗಳಿಗೆ ಹೋಗಬಹುದೋ, ಇಲ್ಲವೋ? ಸತತ ಮೂರು ಸಲ ಬಾರ ಬಿದ್ದರೆ ಅದು ಲೆಕ್ಕಕ್ಕೋ, ಸುಟ್ಟುಹೋಯಿತೋ? 'ನಮ್ಮ ಮನೆಯಲ್ಲಿ ಹೀಗೆ' ಎಂದು ಒಬ್ಬರು, 'ನಮ್ಮಲ್ಲಿ ಹಾಗಲ್ಲ' ಎಂದು ಇನ್ನೊಬ್ಬರು. ಕೊನೆಗೆ ಯಾರೋ ಹಿರಿಯರು 'ಆಯ್ತು, ಇವತ್ತು ಹೀಗೇ ಆಡೋಣ' ಎಂದ ಮೇಲೆ ಆಟ ಶುರು. ಯಾವ ಪುಸ್ತಕವನ್ನೂ ಯಾರೂ ತೆಗೆದು ನೋಡುವುದಿಲ್ಲ, ಏಕೆಂದರೆ ಪುಸ್ತಕವೇ ಇಲ್ಲ.

ಪುಸ್ತಕ ಇರುವ ಆಟಗಳಲ್ಲೂ ಇದು ತಪ್ಪಿದ್ದಲ್ಲ ಎನ್ನುವುದಕ್ಕೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಒಳ್ಳೆಯ ಸಾಕ್ಷಿ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಸೋಲಿಸಲು ಎದುರಾಳಿ ತಂಡವಿಲ್ಲ. ನಾಲ್ಕೈದು ಜನ ತಲಾ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳಿ, ಹೀಗೆ. ಡಂಜನ್ ಮಾಸ್ಟರ್ ಎನ್ನಿಸಿಕೊಂಡ ಒಬ್ಬರು ಮಾತ್ರ ಉಳಿದ ಇಡೀ ಜಗತ್ತು: ಕಾಡು, ಕೋಟೆ, ರಾಕ್ಷಸರು, ಹಳ್ಳಿಯ ಮುದುಕಿ ಎಲ್ಲವೂ ಅವರೇ. 'ನಾನು ಕಂದಕ ಹಾರುತ್ತೇನೆ' ಎಂದು ಆಟಗಾರ ಹೇಳುತ್ತಾನೆ, ಹಾರಿದನೋ ಬಿದ್ದನೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ನಡೆಯುತ್ತದೆ.

ಮೊದಲು ಬಂದದ್ದು ಮೂರು ತೆಳು ಪುಸ್ತಿಕೆಗಳು. ಅವುಗಳಲ್ಲಿ ಎಷ್ಟು ಸಂದುಗಳಿದ್ದವೆಂದರೆ ಆಡಲು ಕೂತವರು ತಮ್ಮ ನಿಯಮಗಳನ್ನು ತಾವೇ ಕಟ್ಟಿಕೊಳ್ಳದೆ ಗತ್ಯಂತರವಿರಲಿಲ್ಲ. ಇವತ್ತಿನ ಮೂರು ಮುಖ್ಯ ಪುಸ್ತಕಗಳು ಸೇರಿದರೆ ಒಂಬೈನೂರು ಪುಟ ದಾಟುತ್ತವೆ. ಆದರೂ ತನ್ನದೇ ಒಂದೆರಡು ಹೌಸ್ ರೂಲ್ ಇಲ್ಲದ ಮೇಜು ಸಿಗುವುದು ಕಷ್ಟ. ಇದು ಪುಸ್ತಕ ಬರೆದವರ ದೋಷವಲ್ಲ ಅನ್ನಿಸುತ್ತದೆ. 'ನಾನೀಗ ಏನು ಬೇಕಾದರೂ ಮಾಡಲು ಯತ್ನಿಸಬಹುದು' ಎನ್ನುವ ಆಟದಲ್ಲಿ ಎಲ್ಲವನ್ನೂ ಮೊದಲೇ ಬರೆದಿಡುವುದು ಯಾರಿಂದಲೂ ಆಗದು. ಈ ಆಟದ ಪೂರ್ವಜರಾದ ಯುದ್ಧದ ಆಟಗಳಲ್ಲೂ ಇದೇ ಎಳೆದಾಟ ಕಾಣುತ್ತದೆ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ತನ್ನ ಸೇನೆಗಾಗಿ ನಕ್ಷೆ, ದಾಳ, ಕೋಷ್ಟಕಗಳ ಕ್ರೀಗ್‌ಸ್ಪೀಲ್ ಎಂಬ ಆಟ ಕಟ್ಟಿದ. ಅರ್ಧ ಶತಮಾನದ ನಂತರ, 1876ರಲ್ಲಿ, ಫರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಅಧಿಕಾರಿ ಆ ಕೋಷ್ಟಕಗಳ ಗೊಡವೆಯೇ ಬೇಡ, ಅನುಭವಿಯಾದ ತೀರ್ಪುಗಾರನ ವಿವೇಕ ಸಾಕು ಎಂದ. ಬರೆದ ಕಟ್ಟಳೆ ಮೇಲೋ, ಕೂತಿರುವ ತೀರ್ಪುಗಾರ ಮೇಲೋ? ಇಬ್ಬರಲ್ಲಿ ಯಾರನ್ನು ನಂಬಿದರೂ ಸ್ವಲ್ಪ ಹೊತ್ತಿಗೆ ಇನ್ನೊಬ್ಬರ ಅಗತ್ಯ ಬೀಳುತ್ತದೆ.

ಹೌಸ್ ರೂಲ್‌ಗಳಲ್ಲಿ ಹೆಚ್ಚಿನವು ನಿರುಪದ್ರವಿ. ಗಾಯ ವಾಸಿ ಮಾಡುವ ಮದ್ದು ಕುಡಿಯಲು ಸರದಿಯ ಮುಖ್ಯ ಕ್ರಿಯೆಯೇ ಖರ್ಚಾಗಬೇಕು ಎಂದು 2014ರ ಆವೃತ್ತಿ ಹೇಳುತ್ತಿತ್ತು. 'ಒಂದು ಗುಟುಕಿಗೆ ಅಷ್ಟು ಹೊತ್ತೇ?' ಎಂದು ಎಷ್ಟೋ ಮೇಜುಗಳು ಅದನ್ನು ಸಡಿಲಿಸಿಕೊಂಡವು. 2024ರ ಆವೃತ್ತಿಯಲ್ಲಿ ಆ ಸಡಿಲಿಕೆಯೇ ಅಧಿಕೃತ ನಿಯಮವಾಗಿ ಬಂತು. ಮನೆಯ ಪದ್ಧತಿ ಶಾಸ್ತ್ರವಾಗುವುದು ಹೀಗೆ.

ಆದರೆ ಸದುದ್ದೇಶದ ಹೌಸ್ ರೂಲ್ ಕೂಡ ಅನ್ಯಾಯ ಮಾಡಬಲ್ಲದು, ಅದೂ ಯಾರ ಗಮನಕ್ಕೂ ಬಾರದ ಹಾಗೆ. ಬಹಳ ಜನಪ್ರಿಯವಾದ ಒಂದನ್ನು ನೋಡಿ. ಇಪ್ಪತ್ತು ಮುಖದ ದಾಳದಲ್ಲಿ 1 ಬಿದ್ದರೆ ಏಟು ತಪ್ಪುತ್ತದೆ, ಪುಸ್ತಕದ ಪ್ರಕಾರ ಅಷ್ಟೇ. ಅದು ಸಪ್ಪೆಯೆನಿಸಿ ಕೆಲವರು ಸೇರಿಸುತ್ತಾರೆ: 1 ಬಿದ್ದರೆ ಕತ್ತಿ ಕೈಜಾರಿ ಬೀಳಬೇಕು, ಅಥವಾ ಪಕ್ಕದ ಗೆಳೆಯನಿಗೇ ತಗುಲಬೇಕು. ಎಲ್ಲರಿಗೂ ಒಂದೇ ನಿಯಮ, ಮೇಲ್ನೋಟಕ್ಕೆ ಪೂರ್ತಿ ಸಮಾನ. ಈಗ ಲೆಕ್ಕ ಹಾಕೋಣ. ಆಟ ಆರಂಭಿಸಿದ ಎಳೆಯ ಯೋಧ ಒಂದು ಸರದಿಗೆ ಒಂದು ಏಟು ಹಾಕುತ್ತಾನೆ, ಕೈಜಾರುವ ಸಂಭವ ನೂರಕ್ಕೆ 5. ಹನ್ನೊಂದನೇ ಹಂತಕ್ಕೆ ಬಂದ ಪಳಗಿದ ಯೋಧ ಒಂದು ಸರದಿಯಲ್ಲಿ ಮೂರು ಏಟು ಹಾಕಬಲ್ಲ, ಸಂಭವ ನೂರಕ್ಕೆ 14 ದಾಟುತ್ತದೆ. ಇಪ್ಪತ್ತನೇ ಹಂತದ ಮಹಾಯೋಧನಿಗೆ ನಾಲ್ಕು ಏಟು, ನೂರಕ್ಕೆ 18ಕ್ಕೂ ಹೆಚ್ಚು. ಕಲಿತಷ್ಟೂ ಕತ್ತಿ ಬೀಳಿಸಿಕೊಳ್ಳುವವನಾದ! ಬೆಂಕಿಯುಂಡೆ ಎಸೆಯುವ ಮಾಂತ್ರಿಕನ ಕಥೆಯೇ ಬೇರೆ. ಅವನ ಮಂತ್ರಕ್ಕೆ ದಾಳ ಹಾಕಬೇಕಾದವರು ತಪ್ಪಿಸಿಕೊಳ್ಳಲು ಹೆಣಗುವ ಶತ್ರುಗಳು. ಅವನು ಆ ಇಪ್ಪತ್ತು ಮುಖದ ದಾಳವನ್ನೇ ಮುಟ್ಟುವುದಿಲ್ಲ, ಹಾಗಾಗಿ ಎಂದೂ ಎಡವುವುದಿಲ್ಲ.

ಈ ನಿಯಮ ತಂದವನಿಗೆ ಯೋಧನ ಮೇಲೆ ದ್ವೇಷವೇನೂ ಇರುವುದಿಲ್ಲ. ನಗು ಬರಲಿ ಎಂದು ತಂದದ್ದು, ನಗುವೂ ಬರುತ್ತದೆ. ಬೆಲೆ ಕಟ್ಟುವವನು ಮಾತ್ರ ಪ್ರತಿ ಸಲ ಅವನೇ. 1971ರಲ್ಲಿ ಜಾನ್ ರಾಲ್ಸ್ ತನ್ನ ನ್ಯಾಯದ ಸಿದ್ಧಾಂತದಲ್ಲಿ ಕೇಳಿದ್ದೂ ಹೆಚ್ಚುಕಡಿಮೆ ಇದನ್ನೇ: ಸಮಾಜದಲ್ಲಿ ನಾನು ಯಾರಾಗಿ ಹುಟ್ಟುತ್ತೇನೆಂದು ಗೊತ್ತಿಲ್ಲದಿದ್ದರೆ ಯಾವ ಕಟ್ಟಳೆಗೆ ಒಪ್ಪುತ್ತಿದ್ದೆ? ಅವನಿಗದು ಊಹೆಯ ಪ್ರಯೋಗ. ಇಲ್ಲಿ ಅದನ್ನು ಅಕ್ಷರಶಃ ಮಾಡಿ ನೋಡಬಹುದು. ಯಾರು ಯೋಧ, ಯಾರು ಮಾಂತ್ರಿಕ ಎಂದು ಹಂಚಿಕೊಳ್ಳುವ ಮೊದಲೇ ಹೌಸ್ ರೂಲ್‌ಗಳನ್ನು ಮೇಜಿನ ಮೇಲಿಟ್ಟರಾಯಿತು.

ಇಲ್ಲಿಯವರೆಗಿನದು ದಾಳ ಬೀಳುವ ಮೊದಲಿನ ಮಾತು. ನನ್ನನ್ನು ಹೆಚ್ಚು ಕಾಡುವುದು ಬಿದ್ದ ಮೇಲಿನದು.

ಒಂದು ಮೇಜನ್ನು ಊಹಿಸಿಕೊಳ್ಳಿ. ಏಳು ತಿಂಗಳಿಂದ ಪ್ರತಿ ಭಾನುವಾರ ಆಟ ನಡೆದಿದೆ. ಕಳ್ಳಿಯ ಪಾತ್ರ ವಹಿಸಿರುವ ಹುಡುಗಿ ಅವಳ ಬಗ್ಗೆ ಒಂದು ನೋಟ್‌ಬುಕ್ಕೇ ತುಂಬಿಸಿದ್ದಾಳೆ: ಅವಳ ತಾಯಿ ಯಾರು, ಯಾಕೆ ಊರು ಬಿಟ್ಟಳು, ಕುತ್ತಿಗೆಯ ತಾಯಿತದಲ್ಲಿ ಏನಿದೆ. ಈ ಭಾನುವಾರ ಕಳ್ಳಿ ಪೆಟ್ಟು ತಿಂದು ಬಿದ್ದಿದ್ದಾಳೆ. ಹಾಗೆ ಬಿದ್ದವರು ಸರದಿಗೊಂದು ದಾಳ ಹಾಕಬೇಕು. ಮೂರು ಗೆದ್ದರೆ ಜೀವ ನಿಲ್ಲುತ್ತದೆ, ಮೂರು ಸೋತರೆ ಸಾವು. ಎರಡು ಸೋತಾಗಿದೆ. ಈ ಹೊತ್ತಿಗೆ ಹೆಸರೂ ಇಲ್ಲದ ಒಬ್ಬ ಗಾಬ್ಲಿನ್ ಬಾಣ ಬಿಡುತ್ತಾನೆ, ತಗುಲಿದರೆ ಅದೇ ಮೂರನೇ ಸೋಲು. ಮಾಸ್ಟರ್ ತನ್ನ ಮುಂದಿನ ರಟ್ಟಿನ ಮರೆಯ ಹಿಂದೆ ದಾಳ ಹಾಕುತ್ತಾಳೆ. ತಗುಲಿದೆ. ಅವಳು ಹುಡುಗಿಯ ಮುಖ ನೋಡಿ, 'ತಪ್ಪಿತು, ಕಿವಿಯ ಪಕ್ಕದಲ್ಲೇ ಹಾದುಹೋಯಿತು' ಎನ್ನುತ್ತಾಳೆ. ಮೇಜಿನ ಸುತ್ತ ಎಲ್ಲರೂ ಉಸಿರು ಬಿಡುತ್ತಾರೆ.

ಇದರಲ್ಲಿ ತಪ್ಪೇನು? ತಪ್ಪಿಲ್ಲ ಎನ್ನುವವರ ವಾದ ಹಗುರವಾದದ್ದಲ್ಲ. ಒಂದು ಪ್ಲಾಸ್ಟಿಕ್ ತುಂಡಿಗೆ ಏಳು ತಿಂಗಳ ಅಕ್ಕರೆಯ ಬೆಲೆ ಗೊತ್ತೇ? ಆಟ ಇರುವುದು ಜನರಿಗಾಗಿ. ಸ್ವತಃ ಗೈಗ್ಯಾಕ್ಸ್ 1979ರ ಮಾಸ್ಟರ್‌ಗಳ ಕೈಪಿಡಿಯಲ್ಲಿ ದಾಳದ ಮಾತನ್ನು ಮೀರುವ ಹಕ್ಕು ಮಾಸ್ಟರ್‌ಗೆ ಇದೆ ಎಂದು ಬರೆದಿದ್ದಾನೆ. ಎಲ್ಲವನ್ನೂ ಸರಿಯಾಗಿ ಮಾಡಿದ ಆಟಗಾರ ಬರೀ ದಾಳದ ವಕ್ರತನದಿಂದ ಸಾಯುವಂತಾದರೆ ಸಾವಿನ ಬದಲು ಪ್ರಜ್ಞೆ ತಪ್ಪಿಸಬಹುದು, ಕೈಯನ್ನೋ ಕಣ್ಣನ್ನೋ ಕಿತ್ತುಕೊಳ್ಳಬಹುದು ಎಂಬ ಸಲಹೆಯೂ ಅಲ್ಲಿದೆ. ಲಾನ್ ಫುಲ್ಲರ್ 1964ರ ತನ್ನ ಪುಸ್ತಕದಲ್ಲಿ ರೆಕ್ಸ್ ಎಂಬ ಕಲ್ಪಿತ ರಾಜನ ಕಥೆ ಹೇಳುತ್ತಾನೆ. ಒಳ್ಳೆಯ ಕಾನೂನು ಮಾಡಹೊರಟು ಎಂಟು ಬಗೆಯಲ್ಲಿ ಸೋಲುವ ಆ ರಾಜನ ತಪ್ಪುಗಳಲ್ಲಿ ಕಾನೂನನ್ನು ಗುಟ್ಟಾಗಿಡುವುದೂ ಒಂದು, ಹಿಂದಿನ ದಿನಕ್ಕೆ ಅನ್ವಯಿಸುವುದೂ ಒಂದು. ನಮ್ಮ ಸಂವಿಧಾನದ 20ನೇ ವಿಧಿಯೂ ಮಾಡಿದ ದಿನ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಬಂದ ಕಾನೂನಿನಡಿ ಶಿಕ್ಷಿಸಬಾರದು ಎನ್ನುತ್ತದೆ. ಆದರೆ ಅದು ಶಿಕ್ಷೆಯ ಮಾತು. ಕ್ಷಮೆ ಹಿಂದಕ್ಕೆ ಹೋದರೆ ಯಾರಿಗೇನು ನಷ್ಟ?

ನಷ್ಟ ಇದೆ. ಮೂರು ತಿಂಗಳ ಹಿಂದೆ ಇದೇ ಮೇಜಿನಲ್ಲಿ ಯೋಧನ ಪಾತ್ರ ಸತ್ತಿತ್ತು ಎಂದಿಟ್ಟುಕೊಳ್ಳಿ. ಅವತ್ತೂ ಮರೆಯಿತ್ತು, ದಾಳವಿತ್ತು. ಆ ಹುಡುಗ ಅದನ್ನು ಅದೃಷ್ಟ ಎಂದುಕೊಂಡು ನುಂಗಿಕೊಂಡ. ಕಳ್ಳಿಯನ್ನು ಉಳಿಸಿದ ಗುಟ್ಟು ಒಂದು ದಿನ ಹೊರಬಿದ್ದರೆ, ಗುಟ್ಟುಗಳು ಹೊರಬೀಳುವುದೇ ಜಾಸ್ತಿ, ಅವನಿಗೆ ಆ ಹಳೆಯ ಸಾವಿನ ಅರ್ಥವೇ ಬದಲಾಗುತ್ತದೆ. 'ನನ್ನವನನ್ನೂ ಉಳಿಸಬಹುದಿತ್ತು, ಉಳಿಸಲಿಲ್ಲ.' ದಾಳ ಕೊಂದದ್ದು ಈಗ ಮಾಸ್ಟರ್ ಕೊಂದದ್ದಾಗುತ್ತದೆ. ಒಮ್ಮೆ ಗುಟ್ಟಾಗಿ ಕರುಣೆ ತೋರಿದ ಮೇಲೆ ಮುಂದಿನ ಎಲ್ಲ ಸಾವುಗಳೂ, ಹಿಂದಿನವೂ, ಅವಳ ಇಚ್ಛೆಯ ಲೆಕ್ಕಕ್ಕೆ ಬರುತ್ತವೆ. ದಾಳ ಕುರುಡು ನಿಜ, ಆದರೆ ಅದಕ್ಕೆ ಮೆಚ್ಚಿನವರಿರಲಿಲ್ಲ.

ಇನ್ನು ಉಳಿದುಕೊಂಡ ಹುಡುಗಿ. ಚಿಕ್ಕ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ನಮ್ಮಲ್ಲೊಂದು ಮಾತಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮಗು ಓಡುತ್ತದೆ, ಕೂಗುತ್ತದೆ, ಔಟಾದರೂ ಔಟಲ್ಲ. ಉಳಿದವರಿಗೆಲ್ಲ ಅದು ಗೊತ್ತು, ಮಗುವಿಗೆ ಮಾತ್ರ ಗೊತ್ತಿಲ್ಲ. ಐದು ವರ್ಷದ ಮಗುವಿಗೆ ಇದು ಪ್ರೀತಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಂಟು ವರ್ಷವಾಗುವ ಹೊತ್ತಿಗೆ ಅದೇ ಮಗು 'ನನ್ನನ್ನೂ ಲೆಕ್ಕಕ್ಕೆ ಸೇರಿಸಿ' ಎಂದು ಜಗಳ ತೆಗೆಯುತ್ತದಲ್ಲ, ಔಟಾಗುವ ಹಕ್ಕಿಗಾಗಿ ಅಳುತ್ತದಲ್ಲ! ಮರೆಯ ಹಿಂದಿನ ಸುಳ್ಳು ಆ ಹುಡುಗಿಯನ್ನು ಕೇಳದೆಯೇ ಲೆಕ್ಕದಿಂದ ತೆಗೆದುಹಾಕಿದೆ. ಏಳು ತಿಂಗಳು ಅವಳು ಹೆಜ್ಜೆ ಹೆಜ್ಜೆಗೆ ಹೆದರಿ, ಲೆಕ್ಕ ಹಾಕಿ, ಧೈರ್ಯ ಮಾಡಿದ್ದೆಲ್ಲ ಸುತ್ತ ಗೋಡೆಯಿದ್ದ ಅಂಗಳದಲ್ಲಿ ಎಂದಾಯಿತು.

ದಾಳದ ವಿಷಯ ಬಂದಾಗ ನಮಗೆ ಹಸ್ತಿನಾವತಿಯ ಸಭೆ ನೆನಪಾಗದೆ ಇರದು. ಯುಧಿಷ್ಠಿರ ಮೊದಲು ತನ್ನನ್ನು ಸೋತು, ಆಮೇಲೆ ದ್ರೌಪದಿಯನ್ನು ಒಡ್ಡುತ್ತಾನೆ. ದ್ರೌಪದಿ ಕೇಳಿ ಕಳುಹಿಸುವ ಪ್ರಶ್ನೆ ನಿಯಮದ ಪ್ರಶ್ನೆಯೇ: ಮೊದಲು ಸೋತದ್ದು ಯಾರನ್ನು? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಅಧಿಕಾರವೆಲ್ಲಿ? ಆಟ ಶುರುವಾಗುವ ಮೊದಲು ಯಾರೂ ಇದನ್ನು ಯೋಚಿಸಿರಲಿಲ್ಲ. ಭೀಷ್ಮ ಧರ್ಮ ಸೂಕ್ಷ್ಮ ಎಂದು ಸುಮ್ಮನಾಗುತ್ತಾನೆ. ವಿಕರ್ಣ ಎದ್ದು ಅವಳ ಪರ ಮಾತಾಡುತ್ತಾನೆ. ಕೊನೆಗೆ ಅಪಶಕುನಗಳಿಗೆ ಬೆಚ್ಚಿದ ಧೃತರಾಷ್ಟ್ರ ವರ ಕೊಟ್ಟು, ಸೋತದ್ದನ್ನೆಲ್ಲ ವಾಪಸು ಮಾಡುತ್ತಾನೆ. ದೊರೆಯ ಕರುಣೆ. ಆದರೆ ಪ್ರಶ್ನೆಗೆ ಉತ್ತರ ಮಾತ್ರ ಸಿಗಲಿಲ್ಲ. ಆ ಪಣ ಸಲ್ಲದು ಎಂದು ಸಭೆ ತೀರ್ಮಾನಿಸಿದ್ದರೆ ಅದು ಮುಂದಿನವರಿಗೂ ಒಂದು ಕಟ್ಟಳೆಯಾಗುತ್ತಿತ್ತು. ವರವಾಗಿ ಬಂದದ್ದರಿಂದ ಕೊಟ್ಟ ದೊರೆಯ ಮನಸ್ಸು ತಿರುಗಿದರೆ ಅದೂ ತಿರುಗಬಹುದಿತ್ತು, ತಿರುಗಿತು ಕೂಡ. ಪಾಂಡವರು ಊರು ಮುಟ್ಟುವ ಮೊದಲೇ ಎರಡನೇ ಆಟಕ್ಕೆ ಕರೆ ಹೋಯಿತು. ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ.

ಹಾಗೆಂದು ಕರುಣೆಗೆ ಮೇಜಿನಲ್ಲಿ ಜಾಗವಿಲ್ಲ ಎನ್ನುತ್ತಿಲ್ಲ. ಅದನ್ನು ಮೊದಲೇ, ಎಲ್ಲರೆದುರು, ಎಲ್ಲರಿಗೂ ಎಂದು ಬರೆದುಕೊಂಡರೆ ಅದೂ ಒಂದು ಹೌಸ್ ರೂಲ್. ಎಷ್ಟೋ ಮೇಜುಗಳು ಹಾಗೆ ಮಾಡುತ್ತವೆ. ಆಟಗಾರ ಒಪ್ಪದೆ ಪಾತ್ರ ಸಾಯುವುದಿಲ್ಲ, ಬದಲಿಗೆ ಅಂಗವನ್ನೋ, ಅತ್ಯಂತ ಪ್ರಿಯವಾದ ವಸ್ತುವನ್ನೋ ಕಳೆದುಕೊಳ್ಳಬೇಕು ಎಂಬುದು ಒಂದು ರೀತಿ. ಮಾಸ್ಟರ್ ಕೂಡ ಮರೆ ತೆಗೆದು ಮೇಜಿನ ನಡುವೆಯೇ ದಾಳ ಹಾಕಬೇಕು ಎಂಬುದು ಇನ್ನೊಂದು. ಮೊದಲನೆಯದು ಮೃದು, ಎರಡನೆಯದು ಕಠಿಣ. ಎರಡೂ ನನಗೆ ಸಮ್ಮತವೇ. ಯಾರೂ ನಿರೀಕ್ಷಿಸದ ಸಂದರ್ಭ ಬಂದೇ ಬರುತ್ತದೆ, ಆಗ ಮಾಸ್ಟರ್ ಅಲ್ಲೇ ತೀರ್ಪು ಕೊಡಬೇಕು, ಆಟ ನಿಲ್ಲಿಸಿ ವಾದ ಮಾಡುತ್ತ ಕೂರಲಾಗದು. ತೀರ್ಪು ಆ ಸಂಜೆಗೆ ಸಲ್ಲಲಿ. ಮುಂದಿನ ವಾರ ಶುರು ಮಾಡುವ ಮೊದಲು ಎಲ್ಲರೂ ಕೂತು, ಇಟ್ಟುಕೊಳ್ಳೋಣವೋ ಬಿಡೋಣವೋ ಎಂದು ಮಾತಾಡಲಿ.

ಆದರೂ ಒಂದು ಮುಳ್ಳು ಉಳಿಯುತ್ತದೆ. ಶಕುನಿ ದುರ್ಯೋಧನನ ಪರವಾಗಿ ದಾಳ ಹಾಕುತ್ತಾನೆಂದು ತಿಳಿದಾಗ ಯುಧಿಷ್ಠಿರ ಸುಮ್ಮನಿರಲಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಆಡುವುದು ನನಗೆ ಸರಿಕಾಣದು ಎಂದು ಆಟಕ್ಕೆ ಮೊದಲೇ ಹೇಳಿದ್ದ. ಹೇಳಿ, ಆಮೇಲೆ ಕೂತು ಆಡಿದ. ನಿಯಮ ಮೊದಲೇ ಗೊತ್ತಿತ್ತು, ಎಲ್ಲರೆದುರೇ ಇತ್ತು, ಅವನ ಒಪ್ಪಿಗೆಯೂ ಸಿಕ್ಕಿತ್ತು. ಅಷ್ಟರಿಂದ ಅದು ನ್ಯಾಯವಾಯಿತೇ?

ಮೇಜಿಗೆ ಹೊಸದಾಗಿ ಬಂದವಳನ್ನು ನೆನೆದುಕೊಂಡಾಗ ಇದು ಚುಚ್ಚುತ್ತದೆ. ಉಳಿದ ನಾಲ್ವರಿಗೆ ವರ್ಷಗಳ ಪಳಗು, ಅವಳಿಗೆ ದಾಳದ ಮುಖಗಳೇ ಇನ್ನೂ ಗೊತ್ತಿಲ್ಲ. 'ಇವು ನಮ್ಮ ಹೌಸ್ ರೂಲ್‌ಗಳು, ಒಪ್ಪಿಗೆಯಾ?' ಎಂದು ಹಾಳೆ ಮುಂದಿಡುತ್ತಾರೆ. ಅವಳು ಹೂಂ ಎನ್ನುತ್ತಾಳೆ, ಬೇರೆ ಏನನ್ನಬೇಕೆಂದು ತಿಳಿಯದೆ. ಅದರಲ್ಲಿ ಒಂದು ನಿಯಮ ತನಗೆ ಭಾರವಾಗುತ್ತದೆಂದು ಅವಳಿಗೆ ಅರ್ಥವಾಗುವುದು ಆರನೆಯ ಭಾನುವಾರವೋ ಏಳನೆಯದೋ, ಮೂರು ಏಟಿನ ಯೋಧೆಯಾಗಿ ಕತ್ತಿ ಮೂರನೇ ಸಲ ಕೈಜಾರಿದಾಗ. ಆಗ ಅವಳು ಬಾಯಿ ತೆರೆದರೆ 'ಮೊದಲೇ ಒಪ್ಪಿದ್ದೆಯಲ್ಲ' ಎನ್ನುತ್ತಾರೋ, ಹಾಳೆಯನ್ನು ಮತ್ತೆ ಮೇಜಿನ ಮೇಲೆ ಬಿಚ್ಚಿಡುತ್ತಾರೋ?