ಯಾರೂ ಕೇಳದ ಸಹಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರಕರಣವಿದು. ಇದರಲ್ಲಿ ಬರುವವರು ಯಾರೂ ವಂಚಕರಲ್ಲ. ಆದ್ದರಿಂದಲೇ ಇದನ್ನು ಬರೆಯಬೇಕೆನಿಸಿತು. ವಂಚಕರ ಕಥೆಯನ್ನು ನಾವು ದೂರದಿಂದ ಓದಿ ನಿಟ್ಟುಸಿರು ಬಿಡುತ್ತೇವೆ. ಒಳ್ಳೆಯವರ ತಪ್ಪು ಮಾತ್ರ ನಮ್ಮ ಮನೆಬಾಗಿಲಿಗೇ ಬರುತ್ತದೆ.

ಆ ಕುಟುಂಬದ ಜಮೀನು ತಂದೆಯ ಕಾಲದಲ್ಲೇ ಕೈಗಾರಿಕೆಗೆ ಹೋಗಿತ್ತು. ಉಳಿದದ್ದು ತಾತ ಕಟ್ಟಿದ ಮನೆ, ಹಿಂದೊಂದು ಹಿತ್ತಲು. ಒಬ್ಬ ಅಕ್ಕ, ಇಬ್ಬರು ತಮ್ಮಂದಿರು. ಅಕ್ಕನ ಮದುವೆ 1991ರಲ್ಲಾಯಿತು. ನೆಲಮಂಗಲದ ಕಡೆಗೆ ಹೋದಳು. ತಾಯಿ ಮೊದಲೇ ಇರಲಿಲ್ಲ. 1996ರಲ್ಲಿ ತಂದೆಯೂ ತೀರಿಕೊಂಡರು. ಪೌತಿ ಖಾತೆ ಹಿರಿಯ ತಮ್ಮನ ಹೆಸರಿಗಾಯಿತು. ಎರಡು ವರ್ಷದ ನಂತರ ಊರ ಹಿರಿಯರನ್ನು ಕೂರಿಸಿಕೊಂಡು ತಮ್ಮಂದಿರು ಪಾಲುಪಟ್ಟಿ ಬರೆಸಿದರು. ಅದು ನೋಂದಣಿಯಾಗಲಿಲ್ಲ. ಅದರಲ್ಲಿ ಅಕ್ಕನ ಹೆಸರೂ ಇರಲಿಲ್ಲ.

2016ರಲ್ಲಿ ಮನೆ ಮಾರಾಟಕ್ಕೆ ಬಂತು. ಕೊಳ್ಳಲು ಬಂದವರು ಪಟ್ಟಣದಲ್ಲಿ ನಾಲ್ಕು ಮಗ್ಗ ಇಟ್ಟುಕೊಂಡಿದ್ದ ನೇಕಾರರು. ಅವರು ಅಜಾಗರೂಕರೇನಲ್ಲ. ಪಂಚಾಯ್ತಿಯ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಿದರು. ಕಂದಾಯ ಕಟ್ಟಿದ ರಸೀದಿ ನೋಡಿದರು. ಉಪನೋಂದಣಿ ಕಚೇರಿಯಿಂದ ಇ.ಸಿ. ತೆಗೆಸಿದರು, ಅದರಲ್ಲಿ ಯಾವ ಸಾಲ, ಅಡಮಾನವೂ ಇರಲಿಲ್ಲ. ವಂಶವೃಕ್ಷವನ್ನೂ ಕೇಳಿ ಪಡೆದರು. ಅದರಲ್ಲಿ ತಂದೆಯ ಹೆಸರಿನ ಕೆಳಗೆ ಮೂರು ಗೆರೆಗಳಿದ್ದವು. ಮೊದಲ ಗೆರೆಯ ತುದಿಯಲ್ಲಿ ಒಂದು ಹೆಣ್ಣಿನ ಹೆಸರು, ಪಕ್ಕದಲ್ಲಿ 'ವಿವಾಹಿತೆ' ಎಂಬ ಟಿಪ್ಪಣಿ.

ನೇಕಾರರು ಆ ಹೆಸರಿನ ಮೇಲೆ ಬೆರಳಿಟ್ಟು ಕೇಳಿದರು: "ಇವರ ಸಹಿ ಬೇಡ್ವಾ?"

"ಅಕ್ಕಂದೇನೂ ತಕರಾರಿಲ್ಲ ಅಣ್ಣ. ಕೊಡೋದೆಲ್ಲ ಮದುವೇಲೇ ಕೊಟ್ಟಾಗಿದೆ," ಎಂದ ಹಿರಿಯ ತಮ್ಮ.

ನಡುವೆ ನಿಂತಿದ್ದ ದಲ್ಲಾಳಿ, "ಈಗ ಅವರನ್ನ ಕೇಳೋಕೆ ಹೋದ್ರೆ ಇಲ್ಲದ್ದೆಲ್ಲ ಶುರುವಾಗುತ್ತೆ. ಇ.ಸಿ. ಕ್ಲಿಯರ್ ಇದೆಯಲ್ಲ," ಎಂದ. ಬೆರಳು ಕಾಗದದಿಂದ ಎದ್ದಿತು. ಪ್ರಕರಣದ ನಿರ್ಣಾಯಕ ಗಳಿಗೆ ಅದೇ.

ಕ್ರಯಪತ್ರದಲ್ಲಿ ಎಂದಿನ ವಾಕ್ಯವನ್ನು ಪತ್ರ ಬರಹಗಾರ ಸೇರಿಸಿದ: ಸ್ವತ್ತಿನ ಮೇಲೆ ಬೇರಾರ ಹಕ್ಕೂ ಇಲ್ಲ, ಮುಂದೆ ತಂಟೆ ತಕರಾರು ಬಂದರೆ ಮಾರಿದವರೇ ಸ್ವಂತ ಖರ್ಚಿನಲ್ಲಿ ಬಗೆಹರಿಸಿಕೊಡತಕ್ಕದ್ದು. ಮುದ್ರಾಂಕ ಶುಲ್ಕ ಉಳಿಸಲು ಮಾತಾದ ಬೆಲೆಯ ಅರ್ಧದಷ್ಟನ್ನು ಮಾತ್ರ ಕಾಣಿಸಿದರು. ಉಳಿದದ್ದು ನಗದಾಗಿ ಕೈ ಬದಲಾಯಿತು.

ಆ ವರ್ಷ ಘಾಟಿ ಜಾತ್ರೆಗೆ ಬಂದ ಅಕ್ಕ ತವರಿಗೆ ಹೋದಾಗ ಬಾಗಿಲು ತೆರೆದವರು ಅಪರಿಚಿತರು. ಅವಳು ಜಗಳವಾಡಲಿಲ್ಲ, ತಮ್ಮಂದಿರ ಹೊಸ ಬಾಡಿಗೆ ಮನೆ ಹುಡುಕಿಕೊಂಡು ಹೋಗಿ ಊಟ ಮಾಡಿ ಮರಳಿದಳು. ಮೂರು ವರ್ಷ ಸುಮ್ಮನಿದ್ದಳು. ಗಂಡನ ಕಾಯಿಲೆಗೆ ಹಣ ಬೇಕಾಗಿ ತಮ್ಮಂದಿರನ್ನು ಕೇಳಿದಾಗ ಇಬ್ಬರೂ ಕೈಚೆಲ್ಲಿದರು. ಆ ಹೊತ್ತಿಗೆ ಆ ಭಾಗದ ನೆಲದ ಬೆಲೆಯೂ ಏರಿತ್ತು. ಅವಳು ಪಾಲುವಿಭಾಗದ ದಾವೆ ಹೂಡಿದಳು. ನೇಕಾರರೂ ಪ್ರತಿವಾದಿಯಾದರು.

ಇಲ್ಲಿ ಕಾನೂನಿನ ನಡಿಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಸ್ವತ್ತಿನಲ್ಲಿ ಹುಟ್ಟಿನಿಂದಲೇ ಹಕ್ಕು ನೀಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು; ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿತು. ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2020ರ ಆಗಸ್ಟ್ 11ರಂದು, ವಿನೀತಾ ಶರ್ಮಾ ಪ್ರಕರಣದಲ್ಲಿ, ತಂದೆ ಬದುಕಿರಬೇಕಾಗಿಲ್ಲ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲಿನ ಪಾಲುಗಳಿಗೆ ರಕ್ಷಣೆಯಿದೆ. ಆದರೆ ಅವು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರಬೇಕು. ಬಾಯಿಮಾತಿನ ಪಾಲನ್ನು, ಸಾರ್ವಜನಿಕ ದಾಖಲೆಗಳ ಗಟ್ಟಿ ಬೆಂಬಲವಿರುವ ಅಪರೂಪದ ಸಂದರ್ಭ ಬಿಟ್ಟರೆ, ಒಪ್ಪಲಾಗದು ಎಂದೂ ಆ ಪೀಠ ಹೇಳಿತು. ಹಿರಿಯರ ಮುಂದೆ ಬರೆದ ಪಾಲುಪಟ್ಟಿ ನಿಲ್ಲಲಿಲ್ಲ. ಅಕ್ಕನಿಗೆ ಮೂರರಲ್ಲೊಂದು ಪಾಲು ಎಂಬುದು ಸ್ಪಷ್ಟವಾಯಿತು.

ಹಾಗಾದರೆ 2016ರಲ್ಲಿ ತಮ್ಮಂದಿರು ಅಂದಿನ ಕಾನೂನನ್ನು ನಂಬಿದ್ದು ತಪ್ಪೇ? ಈ ಪ್ರಶ್ನೆ ನ್ಯಾಯವಾದದ್ದು. ಆದರೆ ಹಳೆಯ ಕಾನೂನಿನಲ್ಲೂ ಅಕ್ಕನ ಪಾಲು ಸೊನ್ನೆಯಾಗಿರಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಸತ್ತ ತಂದೆಯ ಮೂರನೇ ಒಂದು ಭಾಗಕ್ಕೆ ಮಗಳೂ ವಾರಸುದಾರಳು. ಅಂದರೆ ಒಟ್ಟು ಮನೆಯಲ್ಲಿ ಒಂಬತ್ತರಲ್ಲೊಂದು. ತೀರ್ಪುಗಳು ಅವಳ ಪಾಲಿನ ಗಾತ್ರವನ್ನು ಬದಲಿಸಿದವು. ಅವಳಿಗೆ ಪಾಲೇ ಇಲ್ಲವೆಂದು ತೀರ್ಮಾನಿಸಿದ್ದು ಕಾನೂನಲ್ಲ, ಮನೆ.

ಪ್ರಕರಣ ರಾಜಿಯಲ್ಲಿ ಮುಗಿಯಿತು. ನೇಕಾರರು ಎರಡು ಮಗ್ಗ ಮಾರಿ ಅಕ್ಕನ ಪಾಲಿಗೆ ಹಣ ಕೊಟ್ಟರು. ಕ್ರಯಪತ್ರದ ಭರವಸೆಯನ್ನು ಹಿಡಿದು ತಮ್ಮಂದಿರಿಂದ ವಸೂಲಿಗೆ ಹೊರಟಾಗ ಅವರೆದುರು ನಿಂತದ್ದು ಅವರೇ ಒಪ್ಪಿ ಬರೆಸಿದ ಕಡಿಮೆ ಬೆಲೆ. ಕೊಟ್ಟ ನಗದಿಗೆ ದಾಖಲೆಯಿರಲಿಲ್ಲ. ಅಕ್ಕ-ತಮ್ಮಂದಿರ ನಡುವೆ ಈಗ ಹೋಗಿಬರುವುದಿಲ್ಲ.

ತಮ್ಮಂದಿರದು ಮೊದಲ ತಪ್ಪು. ಬಡತನದಲ್ಲಿ ಅಕ್ಕನ ಮದುವೆ ಮಾಡಿದ ಕುಟುಂಬವದು. ಆ ಭಾರವನ್ನು ಅಲ್ಲಗಳೆಯಬಾರದು. ಆದರೆ ಮದುವೆಯ ಖರ್ಚು ಪಾಲಿನ ಲೆಕ್ಕವಲ್ಲ. ಆ ಲೆಕ್ಕವನ್ನು ಅಕ್ಕನೂ ಒಪ್ಪಿದ್ದಾಳೆಂದು ಅವಳ ಪರವಾಗಿ ಹೇಳುವ ಅಧಿಕಾರವೂ ಅವರಿಗಿರಲಿಲ್ಲ. ನೇಕಾರರ ಬಗ್ಗೆ ನನಗೆ ಹೆಚ್ಚು ಮರುಕವಿದೆ. ದುಡಿದ ಹಣವನ್ನು ಎರಡು ಸಲ ತೆತ್ತವರು ಅವರು. ಆದರೂ ಅವರು ಪ್ರಶ್ನೆಯನ್ನು ಕಂಡಿದ್ದರು, ಕೇಳಿದ್ದರು, ಉತ್ತರ ಹೇಳಬೇಕಾದವಳನ್ನು ಬಿಟ್ಟು ಬೇರೆಯವರ ಉತ್ತರಕ್ಕೆ ತೃಪ್ತರಾದರು. ಅಕ್ಕನ ಹಕ್ಕು ಪ್ರಶ್ನಾತೀತ. ಆದರೆ ಬಾಗಿಲು ತೆರೆದವರಿಗೆ ಅಂದೇ ಒಂದು ಮಾತು ಹೇಳಿದ್ದರೆ ನಿರಪರಾಧಿ ಸಂಸಾರವೊಂದು ಆ ಗೋಡೆಗಳಿಗೆ ಮತ್ತೆ ಮೂರು ವರ್ಷ ದುಡ್ಡು ಸುರಿಯುತ್ತಿರಲಿಲ್ಲ.

ಈ ಪ್ರಕರಣ ನಮ್ಮೆಲ್ಲರ ಒಂದು ಅಭ್ಯಾಸವನ್ನು ಬಯಲಿಗೆಳೆಯುತ್ತದೆ. ಕೇಳಿದರೆ ಸಂಬಂಧ ಕೆಡುತ್ತದೆ ಎಂಬ ನೆಪದಲ್ಲಿ ನಾವು ಕೇಳುವುದಿಲ್ಲ. ನಿಜವಾಗಿ ನಾವು ಹೆದರುವುದು ಸಂಬಂಧ ಕೆಡುವುದಕ್ಕಲ್ಲ, ಬರಬಹುದಾದ ಉತ್ತರಕ್ಕೆ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲಿ ನೆಲಕ್ಕೆ ಬೆಲೆ ಬಂದಿದೆಯೋ ಅಲ್ಲೆಲ್ಲ ಈ ಮೌನಕ್ಕೂ ಬೆಲೆ ಬಂದಿದೆ. ಕೇಳುವುದೂ ಹಲವೆಡೆ ಶಾಸ್ತ್ರವಾಗಿ ಉಳಿದಿದೆ: ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕರೆತಂದು, ಪತ್ರ ಓದಿ ಹೇಳದೆ ಹೆಬ್ಬೆಟ್ಟೊತ್ತಿಸಿ, ಸೀರೆ ಕೊಟ್ಟು ಕಳಿಸುವುದು ಒಪ್ಪಿಗೆಯಲ್ಲ.

ಕಾಗದಗಳ ಮಿತಿಯನ್ನೂ ನಾವು ಅರಿಯಬೇಕು. ಇ.ಸಿ. ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ಮನೆಯಲ್ಲಿ ಹುಟ್ಟಿದ ಮಗಳನ್ನು ತೋರಿಸುವುದಿಲ್ಲ. ಖಾತೆ ತೆರಿಗೆ ಕಟ್ಟುವವರ ಹೆಸರು ಹೇಳುತ್ತದೆಯೇ ಹೊರತು ಒಡೆತನವನ್ನು ಸಾಬೀತು ಮಾಡುವುದಿಲ್ಲ. ಪತ್ರ ನೋಂದಣಿಯಾದ ಮಾತ್ರಕ್ಕೆ ಮಾರಿದವನಿಗಿಲ್ಲದ ಹಕ್ಕು ಕೊಂಡವನಿಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವವರು ಮೂಲಪತ್ರದಿಂದ ಇಂದಿನವರೆಗಿನ ಸರಪಳಿ ನೋಡಲಿ, ವಂಶವೃಕ್ಷದ ಪ್ರತಿ ಹೆಸರಿನವರನ್ನೂ ಸ್ವತಃ ಭೇಟಿಯಾಗಲಿ, ಅವರೆಲ್ಲರೂ ಓದಿಸಿಕೊಂಡು ಸಹಿ ಹಾಕಲಿ, ಕೊಟ್ಟಷ್ಟು ಬೆಲೆಯನ್ನೇ ಪತ್ರದಲ್ಲಿ ಬರೆಸಲಿ. ಮಾರುವವರು ಪಾಲು ಕೊಡಬೇಕಾದವರಿಗೆ ಮೊದಲು ಕೊಡಲಿ, ಆಮೇಲೆ ಮಾರಲಿ.

ಇಷ್ಟು ಮಾಡಿದರೆ ಕೆಲವು ವ್ಯವಹಾರಗಳು ಮುರಿದುಬೀಳುತ್ತವೆ, ನಿಜ. ಒಬ್ಬಳನ್ನು ಕೇಳಿದ ಮಾತ್ರಕ್ಕೆ ಮುರಿಯುವ ವ್ಯವಹಾರ ಆಗದಿರುವುದೇ ಎಲ್ಲರಿಗೂ ಕ್ಷೇಮ.