ಹಿತಾರ್ಥವಾದ ಬಂಧನ

ಒಬ್ಬನ ಹಿತಕ್ಕಾಗಿಯೇ ಅವನ ಇಚ್ಛೆಯನ್ನು ಮೀರಿ ಅವನನ್ನು ಆಸ್ಪತ್ರೆಯಲ್ಲಿ ತಡೆದಿರಿಸುವುದು ಧರ್ಮವೆ? ಚಿತ್ತಭ್ರಮೆಗೊಳಗಾದ ಮಗನು ಅನ್ನನೀರುಗಳನ್ನು ತೊರೆದು ಪ್ರಾಣವನ್ನೇ ಕಳೆದುಕೊಳ್ಳಲು ಹವಣಿಸುತ್ತಿರುವಾಗ ಸುಮ್ಮನಿರೆಂದು ಯಾವ ತಾಯಿಗೂ ಹೇಳಲಾಗದು. ಆದರೆ 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯ ಮನೋರೋಗಿಗಳ ಆಶ್ರಯಧಾಮದಲ್ಲಿ ಬೆಂಕಿ ಬಿದ್ದಾಗ ಓಡಲಾರದೆ ದಗ್ಧರಾದ ರೋಗಿಗಳ ಕಾಲಿಗೆ ಸಂಕೋಲೆಯಿತ್ತೆಂಬುದನ್ನೂ, ಅಲ್ಲಿನ ದರ್ಗಾದ ಮಹಿಮೆಯನ್ನು ನಂಬಿ ಗುಣವಾಗಲೆಂದೇ ಅಂಥವರನ್ನು ಆ ಊರಿಗೆ ಕರೆತರುವ ರೂಢಿಯಿತ್ತೆಂಬುದನ್ನೂ ಮರೆಯುವಂತಿಲ್ಲ.

ಆದುದರಿಂದ 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮವು ಇಂಥ ದಾಖಲಾತಿಗೆ ಕೇಳುವ ಪತ್ರಗಳನ್ನು ಕಚೇರಿಯ ಕಿರುಕುಳವೆಂದೆಣಿಸಲು ನನ್ನ ಮನಸ್ಸೊಪ್ಪದು. ರೋಗಿಯ ನಾಮನಿರ್ದೇಶಿತ ಪ್ರತಿನಿಧಿಯು ಅರ್ಜಿ ಸಲ್ಲಿಸಬೇಕು. ಒಬ್ಬ ಮನೋವೈದ್ಯನೂ, ಅವನೊಡನೆ ಮತ್ತೊಬ್ಬ ವೈದ್ಯನೋ ಮಾನಸಿಕ ಆರೋಗ್ಯ ತಜ್ಞನೋ, ದಾಖಲಾತಿಯ ದಿನ ಅಥವಾ ಹಿಂದಿನ 7 ದಿನಗಳೊಳಗೆ ಬೇರೆ ಬೇರೆಯಾಗಿ ಪರೀಕ್ಷಿಸಿ, ರೋಗಿಯಿಂದ ಅವನಿಗೇ ಆಗಲಿ ಪರರಿಗಾಗಲಿ ಅಪಾಯವಿದೆಯೆಂದು, ಇಲ್ಲವೆ ತನ್ನನ್ನು ತಾನು ನೋಡಿಕೊಳ್ಳಲಾರದೆ ಅವನು ವಿಪತ್ತಿಗೀಡಾಗುವನೆಂದು, ಇದಕ್ಕಿಂತ ಸೌಮ್ಯವಾದ ಉಪಾಯವಿಲ್ಲವೆಂದು ನಿರ್ಣಯಿಸಬೇಕು. ಅಷ್ಟಾದರೂ ಮೊದಲ ಅವಧಿ 30 ದಿನಗಳನ್ನು ಮೀರಕೂಡದು. ಅಧಿನಿಯಮದಡಿಯ ಪರಿಶೀಲನಾ ಮಂಡಳಿಗೆ 7 ದಿನಗಳೊಳಗೆ, ರೋಗಿಯು ಸ್ತ್ರೀಯೋ ಅಪ್ರಾಪ್ತವಯಸ್ಕನೋ ಆದಲ್ಲಿ 3 ದಿನಗಳೊಳಗೆ, ವರದಿ ಹೋಗಬೇಕು.

ಎರಡು ಪರೀಕ್ಷೆಗಳೇಕೆ? ಕರುಣೆಯೂ ಕ್ರೋಧದಂತೆಯೇ ದೃಷ್ಟಿಯನ್ನು ಮುಸುಕಬಲ್ಲುದಾದುದರಿಂದ. ಬಂಧುಗಳ ದಣಿವು, ಲಜ್ಜೆ, ಕೆಲವೊಮ್ಮೆ ಆಸ್ತಿಯ ಆಸೆ, ಇವೆಲ್ಲವೂ ವಾತ್ಸಲ್ಯದ ವೇಷದಲ್ಲಿ ಬರಬಲ್ಲುವಾದುದರಿಂದ. ಇದಕ್ಕಿಂತ ಆಳವಾದ ಕಾರಣವೊಂದನ್ನು ನಮ್ಮ ವೇದಾಂತಿಗಳು ಬಲ್ಲರು. ಅಂತಃಕರಣವೂ ಅವರ ಮತದಲ್ಲಿ ದೃಶ್ಯವೇ; ಅದು ಕದಡಿದಾಗಲೂ ಅದನ್ನು ಕಾಣುವ ಸಾಕ್ಷಿಯು ಕದಡುವುದಿಲ್ಲ. ಬುದ್ಧಿ ತಪ್ಪಿದ ಮಾತ್ರಕ್ಕೆ ಮನುಷ್ಯನೇ ಇಲ್ಲವಾದನೆಂದು ಬಗೆಯುವವನಿಗೆ ಬಾಗಿಲಿಗೆ ಬೀಗ ಹಾಕುವುದು ಸುಲಭ; ಒಳಗೊಬ್ಬ ಪೂರ್ಣ ಪುರುಷನಿದ್ದಾನೆಂದು ಬಲ್ಲವನಾದರೋ ಕಾರಣವನ್ನು ಬರೆದು, ರುಜು ಹಾಕಿ, ಮತ್ತೊಬ್ಬರ ಮುಂದೆ ಉತ್ತರ ಕೊಡಲು ಸಿದ್ಧನಾಗಿಯೇ ಅದನ್ನು ಮುಚ್ಚುವನು.

ಪತ್ರಗಳು ಸಿದ್ಧವಾಗುವಷ್ಟರಲ್ಲಿ ಜೀವ ಹೋದರೇನು ಗತಿಯೆಂಬ ಶಂಕೆ ಸಹಜವೆ. ಪ್ರಾಣಾಪಾಯವಿರುವಲ್ಲಿ ಸಾಮಾನ್ಯ ವೈದ್ಯನೂ 72 ಗಂಟೆಗಳವರೆಗೆ ತುರ್ತುಚಿಕಿತ್ಸೆ ನೀಡಬಹುದೆಂದು ಅದೇ ಶಾಸನವು ಅವಕಾಶವಿತ್ತಿದೆ.

ನನ್ನನ್ನು ಕಾಡುವುದು ವಿಳಂಬವಲ್ಲ, ಓದದೆ ಹಾಕಿದ ರುಜು. ತನ್ನನ್ನು ತಡೆದ ನಿರ್ಣಯವನ್ನು ಪುನಃ ಪರಿಶೀಲಿಸಿರೆಂದು ಮಂಡಳಿಗೆ ಅರ್ಜಿ ಹಾಕುವ ಹಕ್ಕು ಸ್ವತಃ ರೋಗಿಗೂ ಇದೆ. ಅದನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿ, ಕಾಗದವನ್ನೂ ಲೇಖನಿಯನ್ನೂ ಅವನ ಕೈಗೆ ಕೊಡದ ಆಸ್ಪತ್ರೆಯಲ್ಲಿ ಉಳಿದ ಪತ್ರಗಳೆಲ್ಲ ಕ್ರಮಬದ್ಧವಾಗಿದ್ದರೂ, ಅಲ್ಲಿ ಅವನಿಗೆ ನ್ಯಾಯವಾಯಿತೆಂದು ನಾನು ಒಪ್ಪಲಾರೆ.