‘ಆರಾಮಿಲ್ಲ’ ಎಂಬ ಮಾತು

ನಮ್ಮ ಧಾರವಾಡ ಸೀಮೆಯಲ್ಲಿ ಇಬ್ಬರು ಭೆಟ್ಟಿಯಾದರೆ ಮೊದಲು ಹೊರಡುವ ಮಾತು “ಆರಾಮ ಇದ್ದೀರೇನ್ರಿ?” ಎಂಬದು. ಸಂತೆಯಲ್ಲಿಯೂ ಗುಡಿಯ ಕಟ್ಟೆಯ ಮೇಲೆಯೂ ಈ ಪ್ರಶ್ನೆಯನ್ನು ದಿನಕ್ಕೆ ಹತ್ತಾರು ಸಲ ಕೇಳುತ್ತೇವೆ. “ಆರಾಮ ರೀ” ಎಂಬ ಉತ್ತರವನ್ನು ಪಡೆದು ಮುಂದೆ ಸಾಗುತ್ತೇವೆ. ಪರಂತು ನಮ್ಮ ಕೆಲಸಕ್ಕೆ ಬರತಕ್ಕ ಮನುಷ್ಯನು ಒಂದು ಮುಂಜಾನೆ “ಆರಾಮಿಲ್ಲ” ಎಂದು ಹೇಳಿಕಳಿಸಿದನೆಂದರೆ ನಮ್ಮ ಹುಬ್ಬು ಗಂಟಿಕ್ಕುವದು. ನಿತ್ಯವೂ ಕುಶಲವನ್ನು ಕೇಳುವ ನಾವು, ಒಮ್ಮೆ ಅಕುಶಲವನ್ನು ಕೇಳಿದಾಗ ಅದನ್ನು ನಂಬಲು ಹಿಂಜರಿಯುವದೇಕೆ? ಸಂಗತಿ ಚಿಕ್ಕದು, ಆದರೆ ಅದರೊಳಗೆ ಹೇಳುವವನ ಧರ್ಮವೂ ಕೇಳುವವನ ಧರ್ಮವೂ ಅಡಗಿರುತ್ತವೆ. ಇದನ್ನು ನಾನು ಗ್ರಂಥಗಳಿಂದ ತಿಳಿಯಲಿಲ್ಲ. ನನ್ನ ತಪ್ಪಿನಿಂದಲೇ ತಿಳಿದೆನು.

ನವಲಗುಂದ ತಾಲೂಕಿನ ನಮ್ಮ ಮೊರಬವು ಎರೆಯ ಊರು. ಮುಂಗಾರಿಗೆ ಬಿತ್ತಿದ ಹೆಸರು ಶ್ರಾವಣದ ಹೊತ್ತಿಗೆ ಕಾಯಿ ಕಟ್ಟಿ ಒಣಗುತ್ತದೆ. ಆ ಕಾಯಿಗಳನ್ನು ಹೆಣ್ಣಾಳುಗಳು ಕೈಯಿಂದ ಬಿಡಿಸಬೇಕು. ಒಣಗಿದ ಕಾಯಿಯ ಮೇಲೆ ಎರಡು ದಿವಸ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಕಾಳು ಗಿಡದಲ್ಲಿಯೇ ಮೊಳೆಯುವದು, ಬಣ್ಣಗೆಡುವದು, ಪೇಟೆಯಲ್ಲಿ ಅದನ್ನು ಕೇಳುವವರೇ ಇಲ್ಲದಾಗುವದು. ಆ ನಾಲ್ಕೆಂಟು ದಿವಸ ಒಂದು ಆಳು ತಪ್ಪಿದರೂ ಒಕ್ಕಲಿಗನ ಎದೆ ಹೊಡೆದುಕೊಳ್ಳುತ್ತದೆ. ಇದನ್ನು ಮೊದಲೇ ಹೇಳುವ ಕಾರಣವೇನಂದರೆ, ಕೆಲಸ ಮಾಡಿಸಿಕೊಳ್ಳುವವನ ಕಳವಳವೂ ಸುಳ್ಳಲ್ಲ. ಅದನ್ನು ಬದಿಗಿಟ್ಟು ಮಾಡಿದ ನ್ಯಾಯವು ಅರ್ಧ ನ್ಯಾಯವೇ ಸರಿ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಶ್ರಾವಣದ ಮುಂಜಾನೆ, ಪಡುವಣದಲ್ಲಿ ಮೋಡ ಕಟ್ಟಿತ್ತು. ಬಹು ವರ್ಷಗಳಿಂದ ನಮ್ಮ ಹೊಲಕ್ಕೆ ಬರುತ್ತಿದ್ದ ಒಬ್ಬ ಹೆಣ್ಣುಮಗಳ ಕೂಸು, ಎಂಟೊಂಬತ್ತು ವರ್ಷದ ಹುಡುಗಿ, ಬಾಗಿಲಲ್ಲಿ ಬಂದು ನಿಂತು, “ಅವ್ವಗ ಆರಾಮಿಲ್ರಿ. ಇವತ್ತ ಬರೂದಿಲ್ಲಂತ್ರಿ” ಎಂದಿತು. “ಏನಾಗೇದವ್ವಾ?” ಎಂದು ನಾನು ಕೇಳಬೇಕಾಗಿತ್ತು. ಹಾಗೆ ಕೇಳದೆ, “ನಿನ್ನಿ ಸಂಜಿತನಕ ಆರಾಮ ಇದ್ಲಲ್ಲ? ಹೆಚ್ಚಿನ ಕೂಲಿಗೆ ಮತ್ತೊಬ್ಬರ ಹೊಲಕ್ಕ ಹೊಂಟಾಳೇನು?” ಎಂದೆನು. ಕೂಸು ನೆಲ ನೋಡುತ್ತ ಹೊರಟುಹೋಯಿತು. ಅರ್ಧ ತಾಸಿನೊಳಗೆ ತಾಯಿಯೇ ಬಂದಳು. ತಲೆಗೆ ಅರಿವೆಯನ್ನು ಬಿಗಿಯಾಗಿ ಸುತ್ತಿಕೊಂಡಿದ್ದಳು. ಒಂದು ಮಾತನ್ನೂ ಆಡದೆ ಸಾಲು ಹಿಡಿದು ಮಧ್ಯಾಹ್ನದವರೆಗೆ ಕಾಯಿ ಬಿಡಿಸಿದಳು. ಆಮೇಲೆ ಬದುವಿನ ಬೇವಿನ ಕೆಳಗೆ ಕುಳಿತವಳು ಏಳಲಾರದೆ ಹೋದಳು. ಚಕ್ಕಡಿಯಲ್ಲಿ ಮನೆಗೆ ಕರೆತರಬೇಕಾಯಿತು. ವಿಷಮಜ್ವರವೆಂದು ವೈದ್ಯರು ಹೇಳಿದರು. ಇಪ್ಪತ್ತು ದಿವಸ ಹಾಸಿಗೆ ಹಿಡಿದಳು. ಇಪ್ಪತ್ತು ದಿವಸದ ಕೂಲಿಯೂ ಹೋಯಿತು. ಆ ದಿವಸ ಮಳೆ ಬರಲಿಲ್ಲ. ಹೆಸರು ನಿರಾತಂಕವಾಗಿ ಮನೆ ಸೇರಿತು.

ಆ ರಾತ್ರಿ ನನಗೊಂದು ಹಳೆಯ ಸಂಗತಿ ನೆನಪಾಯಿತು. ನಾನು ಪ್ರೌಢಶಾಲೆಯಲ್ಲಿ ಮಾಸ್ತರನಾಗಿದ್ದಾಗ ಬಂಧುಗಳಲ್ಲಿ ಒಂದು ಮದುವೆ ಒದಗಿತ್ತು. ಪರೀಕ್ಷೆಯ ಕಾಲ, ಕೇಳಿದರೆ ಸೂಟಿ ಸಿಗಲಾರದೆಂದು ಬಗೆದು, ಪರಿಚಿತ ವೈದ್ಯರೊಬ್ಬರಿಂದ ಜ್ವರವೆಂದು ಬರೆಸಿಕೊಂಡು ಕಾಗದವನ್ನು ಕಳಿಸಿದೆನು. ಸರಕಾರಿ ನೌಕರನ ಅರ್ಧ ವೇತನದ ರಜೆಯನ್ನು ವೈದ್ಯರ ಪ್ರಮಾಣಪತ್ರದ ಮೇಲೆ ಪೂರ್ಣ ವೇತನದ ಪರಿವರ್ತಿತ ರಜೆಯಾಗಿ ಮಾಡಿಕೊಡುವ ನಿಯಮವುಂಟು. ಅದರಂತೆ ನನ್ನ ಪಗಾರದಲ್ಲಿ ಒಂದು ಕಾಸೂ ಕಡಿಮೆಯಾಗಲಿಲ್ಲ. ಮದುವೆಯ ಊಟ ಉಂಡು ತಿರುಗಿ ಬಂದಾಗ ಮುಖ್ಯಾಧ್ಯಾಪಕರು ಕುರ್ಚಿಯಲ್ಲಿ ಕೂಡ್ರಿಸಿ, “ಈಗ ಆರಾಮೇನ್ರಿ ಮಾಸ್ತರ?” ಎಂದು ಅಂತಃಕರಣದಿಂದ ಕೇಳಿದರು. ನಾನು “ಹೌದ್ರಿ” ಎಂದೆನು.

ನನ್ನ ಸುಳ್ಳಿಗೆ ಕಾಗದವಿತ್ತು, ಆದುದರಿಂದ ಅದು ಸಲ್ಲಿತು. ಆ ಹೆಣ್ಣುಮಗಳ ನಿಜಕ್ಕೆ ಒಂದು ಕೂಸಿನ ಬಾಯಿಯಲ್ಲದೆ ಬೇರೆ ಸಾಕ್ಷಿಯಿರಲಿಲ್ಲ, ಆದುದರಿಂದ ಅದು ಸಲ್ಲಲಿಲ್ಲ. ಇಷ್ಟೇ ಅಲ್ಲ. ನಾನು ಅವಳನ್ನು ಸಂಶಯಿಸಿದ್ದು ಯಾಕೆ? ಅಂಥ ಸುಳ್ಳನ್ನು ನಾನೇ ಹೇಳಿದ್ದೆನಾದ್ದರಿಂದ. ತನ್ನ ಅಳತೆಯಿಂದಲೇ ಪರರನ್ನು ಅಳೆಯುವದು ಮನುಷ್ಯಸ್ವಭಾವ. ಬೇನೆಯ ಸುಳ್ಳು ನೆವದಿಂದ ಮೋಸಹೋಗುವವನು ಯಜಮಾನನೊಬ್ಬನೇ ಎಂದು ನಾವು ತಿಳಿಯುತ್ತೇವೆ. ಸರ್ವಥಾ ಹಾಗಲ್ಲ. “ಆರಾಮಿಲ್ಲ” ಎಂಬ ಮಾತಿಗೆ ಜನರಲ್ಲಿ ಒಂದು ನಂಬಿಗೆಯ ಗಂಟು ಇರುತ್ತದೆ. ಸುಳ್ಳಾಡುವವನು ಆ ಗಂಟಿನಿಂದ ಕದಿಯುತ್ತಾನೆ. ಮುಂದೆ ನಿಜವಾಗಿ ಬೇನೆ ಬಿದ್ದವನು ಕೈ ಹಾಕಿದಾಗ ಅದು ಬರಿದಾಗಿರುತ್ತದೆ. “ಹುಲಿ ಬಂತು” ಎಂದು ಹುಸಿಯಾಗಿ ಕೂಗಿದ ಹುಡುಗನ ಕಥೆಯಲ್ಲಿ ಹುಲಿಯ ಬಾಯಿಗೆ ಬಿದ್ದವನು ಆ ಹುಡುಗನೇ; ಲೋಕದಲ್ಲಿ ಬಹುಶಃ ಕೂಗುವವನೊಬ್ಬ, ಹುಲಿಗೆ ಸಿಗುವವನು ಮತ್ತೊಬ್ಬ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವದೇ ಕಾಯಕವಾಗಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅವನ ಹೆಂಡತಿ ಲಕ್ಕಮ್ಮನು ಅದನ್ನು ತಿರುಗಿ ಚೆಲ್ಲಿಬರಲು ಹೇಳಿದಳೆಂಬ ಕಥೆಯನ್ನು ನಾವೆಲ್ಲರೂ ಬಲ್ಲೆವು. ಇಲ್ಲದ ಬೇನೆಯನ್ನು ಹೇಳಿ ಪಡೆದ ಸೂಟಿಯ ಪಗಾರವು ಆ ಹೆಚ್ಚಿನ ಅಕ್ಕಿಯೇ. ಆದರೆ ಕಾಯಕವೆಂಬ ಶಬ್ದದೊಳಗೆ ಕಾಯವೂ ಇದೆಯೆಂಬದನ್ನು ಮರೆಯಬಾರದು. ಕಾಯವು ಸೋತಾಗ ಅದನ್ನು ದಂಡಿಸಿ ದುಡಿಸುವದು ಕಾಯಕವಲ್ಲ. “ಇಪ್ಪತ್ತು ವರ್ಷಗಳಲ್ಲಿ ಒಂದು ದಿನವೂ ಬೇನೆಯ ಸೂಟಿ ಪಡೆದವರಲ್ಲ” ಎಂದು ಬೀಳ್ಕೊಡುವ ಸಮಾರಂಭಗಳಲ್ಲಿ ಹೊಗಳುವ ರೂಢಿಯುಂಟು. ಆ ಮನುಷ್ಯನ ಶರೀರವು ಗಟ್ಟಿಯಾಗಿತ್ತೆಂದು ಸಂತೋಷಪಡೋಣ. ಆದರೆ ಮೈ ಸುಡುತ್ತಿರುವಾಗಲೂ ಬಂದು ಕುಳಿತಿದ್ದನಾದರೆ ಅದನ್ನು ಸದ್ಗುಣವೆಂದು ಎಣಿಸಲಾಗದು. ನಮ್ಮ ಜಿಲ್ಲೆಯು ಮುಂಬಯಿ ಇಲಾಖೆಯಲ್ಲಿದ್ದ ಕಾಲದಲ್ಲಿ, 1918ರಲ್ಲಿ, ಆ ಇಲಾಖೆಯನ್ನು ಹೊಕ್ಕ ಇನ್‌ಫ್ಲುಯೆಂಜಾ ಜ್ವರವೂ, 2020ರ ಕೊರೋನಾ ಬೇನೆಯೂ ಒಂದೇ ಪಾಠವನ್ನು ಕಲಿಸಿವೆ: ಜಡ್ಡು ಬಿದ್ದವನು ಮನೆಯಲ್ಲಿ ಉಳಿಯುವದು ಅವನ ಸುಖದ ಮಾತಷ್ಟೇ ಅಲ್ಲ, ನೆರೆಯವರ ಕ್ಷೇಮದ ಮಾತೂ ಅಹುದು.

ಹಾಗಾದರೆ ಬೇನೆ ಬಿದ್ದವನ ಕರ್ತವ್ಯವೇನು? ಹೊತ್ತೇರುವ ಮೊದಲು ಸುದ್ದಿ ಮುಟ್ಟಿಸುವದು. ಈಗ ಮೊಬೈಲ್ ಇರುವದರಿಂದ ಇದು ಕಠಿಣವಲ್ಲ. ತನ್ನ ಕೆಲಸ ಎಲ್ಲಿಗೆ ನಿಂತಿದೆ, ಕೀಲಿಕೈ ಯಾರಲ್ಲಿದೆ ಎಂಬದನ್ನು ತಿಳಿಸುವದು. ಬೇನೆ ಇದ್ದಷ್ಟೇ ಹೇಳುವದು. ದೊಡ್ಡದು ಮಾಡಿ ಹೇಳಿದರೆ ಮಾತ್ರ ನಂಬುವರೆಂದು ಅದನ್ನು ಬೆಳೆಸದಿರುವದು. ಇಷ್ಟಾದರೆ ಅವನ ಋಣ ತೀರಿತು. ತನ್ನ ಶರೀರದ ಒಳಗುಟ್ಟನ್ನೆಲ್ಲ ಬಿಚ್ಚಿಡುವ ಹಂಗು ಅವನಿಗಿಲ್ಲ.

ಕೇಳುವವನ ಕರ್ತವ್ಯವು ಇದಕ್ಕಿಂತ ಕಠಿಣವಾದುದು. ಮೊದಲು ಬೇನೆಯನ್ನು ವಿಚಾರಿಸಬೇಕು, ಆಮೇಲೆ ಕೆಲಸವನ್ನು. ಈ ಅನುಕ್ರಮವು ತಲೆಕೆಳಗಾದಲ್ಲಿ ಶಬ್ದಗಳು ಎಷ್ಟು ಮೃದುವಾಗಿದ್ದರೂ ಫಲವಿಲ್ಲ. “ನಾಳೆ ಬರುತ್ತೀರಷ್ಟೇ?” ಎಂದು ಕೇಳಬಾರದು. ಸುದ್ದಿ ತಂದ ಕೂಸಿನ ಪಾಟೀಸವಾಲು ಮಾಡಬಾರದು. ಮೇಲಾಗಿ, ನಿಜವಾದ ಇತರ ಕಾರಣಗಳಿಗೆ ಸೂಟಿಯನ್ನು ಸುಲಭವಾಗಿ ಕೊಡಬೇಕು. ಮಗುವಿನ ಶಾಲೆ, ಹಿರಿಯರ ತಿಥಿ, ಮನಸ್ಸಿನ ದುಃಖ ಇವುಗಳಿಗೆ ಎಡೆಯೇ ಇಲ್ಲದ ಕಚೇರಿಯಲ್ಲಿ ಎಲ್ಲ ಕಾರಣಗಳೂ ಜ್ವರದ ವೇಷ ಹಾಕಿಕೊಂಡು ಬರುತ್ತವೆ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ನಾವು ನಗುತ್ತೇವೆ. ಕೆಲವು ಕಡೆ ನೆಲವೂ ಡೊಂಕಾಗಿರುತ್ತದೆ. ನನ್ನ ಸುಳ್ಳನ್ನು ಇದರಿಂದ ನಾನು ಸಮರ್ಥಿಸಿಕೊಳ್ಳಲಾರೆ; ಕೇಳಿ ಇಲ್ಲವೆನಿಸಿಕೊಳ್ಳುವ ಧೈರ್ಯ ನನಗಿರಬೇಕಾಗಿತ್ತು.

ಕಾಯಿದೆಯು ಈ ಸಂಬಂಧವನ್ನು ಕೆಲವು ಮಟ್ಟಿಗೆ ಸರಿಪಡಿಸಿದೆ. ಬೇನೆ ಬಿದ್ದ ಕಾರ್ಮಿಕರಿಗಾಗಿ 1883ರಲ್ಲಿ ಜರ್ಮನಿಯು ವಿಮೆಯ ಕಾಯಿದೆಯನ್ನು ಮಾಡಿತು. ನಮ್ಮಲ್ಲಿ 1948ರಲ್ಲಿ ಕಾರ್ಮಿಕರ ರಾಜ್ಯ ವಿಮೆಯ ಕಾಯಿದೆ ಆಯಿತು. 1952ರಲ್ಲಿ ಕಾನಪುರ ಹಾಗೂ ದಿಲ್ಲಿಗಳಲ್ಲಿ ಯೋಜನೆಯು ಮೊದಲಾಯಿತು. ಅದಕ್ಕೆ ಒಳಪಟ್ಟ ಕಾರ್ಮಿಕನಿಗೆ ವೈದ್ಯರ ಪ್ರಮಾಣದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುವ ಏರ್ಪಾಡಿದೆ. 2025ರ ಅಕ್ಟೋಬರದಲ್ಲಿ ನಮ್ಮ ರಾಜ್ಯದ ಮಂತ್ರಿಮಂಡಲವು ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನಗಳ ಸಂಬಳಸಹಿತ ಋತುಚಕ್ರದ ರಜೆಗೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಬಂದ ದಿವಸ ನಮ್ಮ ಕಟ್ಟೆಯ ಮೇಲೆ ಎದ್ದ ಮೊದಲ ಮಾತು, “ಸುಳ್ಳ ಹೇಳಿದರ ಯಾರ ನೋಡೂರು?” ಎಂಬದೇ ಆಗಿತ್ತು. ಕಾಯಿದೆಯು ಸೂಟಿಯನ್ನು ಕೊಡಬಲ್ಲದು. ನಂಬಿಗೆಯನ್ನು ನಾವೇ ಕೊಡಬೇಕು.

ಹೊಲದ ದಿನಗೂಲಿಯವಳಿಗಾದರೋ ಆ ಸೂಟಿಯೂ ಇಲ್ಲ. ಅವಳು “ಆರಾಮಿಲ್ಲ” ಎಂದರೆ ಆ ದಿನದ ಕೂಲಿಯನ್ನು ತಾನೇ ಬಿಟ್ಟುಕೊಟ್ಟು ಹೇಳುವ ಮಾತದು. ಯಾರ ಸುಳ್ಳಿಗೆ ಲಾಭವುಂಟೋ ಅವರನ್ನು ನಂಬಿ, ಯಾರ ನಿಜಕ್ಕೂ ನಷ್ಟವೇ ಉಂಟೋ ಅವರನ್ನು ಸಂಶಯಿಸುವದು ಎಂಥ ವಿಚಿತ್ರ ನ್ಯಾಯ! ನಮ್ಮ ಹಿರಿಯರ ಮುಯ್ಯಾಳಿನ ಪದ್ಧತಿಯಲ್ಲಿ ಇದಕ್ಕಿಂತ ಹೆಚ್ಚಿನ ವಿವೇಕವಿತ್ತು. ಇಂದು ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ನಡುವೆ ಒಬ್ಬನು ಬೇನೆ ಬಿದ್ದರೆ ಮನೆಯ ಮತ್ತೊಬ್ಬರು ಬರುವರು, ಇಲ್ಲವೆ ಆ ಮುಯ್ಯಿ ಮುಂದಿನ ದಿವಸಕ್ಕೆ ನಿಲ್ಲುವದು. ಅಲ್ಲಿ ಬೇನೆಯು ಅಪರಾಧವಾಗಿರಲಿಲ್ಲ. ಯಾಕಂದರೆ ಕೇಳುವವನೂ ನಾಳೆ ಹೇಳುವವನೇ ಆಗಿದ್ದನು.

ಆ ಶ್ರಾವಣದ ತರುವಾಯ ನಮ್ಮ ಮನೆಯಲ್ಲಿ ಒಂದು ನೇಮವಾಯಿತು. ಸುಗ್ಗಿಯಲ್ಲಿ ನಿತ್ಯವೂ ಬರುವ ಆಳು ಆರಾಮಿಲ್ಲವೆಂದು ಹೇಳಿಕಳಿಸಿದರೆ ಮನೆಯ ಹೆಣ್ಣುಮಕ್ಕಳಲ್ಲಿ ಒಬ್ಬರು ಹೋಗಿ ವಿಚಾರಿಸಿಕೊಂಡು ಅರ್ಧ ಕೂಲಿಯನ್ನು ಕೊಟ್ಟು ಬರುವದು. ಮೊದಲನೆಯ ವರ್ಷವೇ ಒಬ್ಬಳು ಜಾತ್ರೆಗೆ ಹೋಗಿ ಅರ್ಧ ಕೂಲಿಯನ್ನು ಪಡೆದದ್ದು ಆಮೇಲೆ ತಿಳಿಯಿತು. ನೆರೆಯವರು ನಕ್ಕರು. ನಾನು ಲೆಕ್ಕ ಹಾಕಿದೆನು: ಒಂದು ಸುಳ್ಳನ್ನು ನಂಬಿದ್ದರಿಂದ ಹೋದದ್ದು ಅರ್ಧ ದಿವಸದ ಕೂಲಿ, ಒಂದು ನಿಜವನ್ನು ನಂಬದ್ದರಿಂದ ಹೋದದ್ದು ಇಪ್ಪತ್ತು ದಿವಸಗಳ ಅನ್ನ, ಸ್ವಲ್ಪದರಲ್ಲಿಯೇ ಉಳಿದ ಒಂದು ಜೀವ. ಆ ನೇಮವನ್ನು ನಾವು ಬಿಡಲಿಲ್ಲ.

ಆ ಹೆಣ್ಣುಮಗಳು ಇಂದಿಗೂ ನಮ್ಮ ಹೊಲಕ್ಕೆ ಬರುತ್ತಾಳೆ. ಅಂದಿನ ಮಾತನ್ನು ಒಂದು ದಿವಸವೂ ಎತ್ತಿಲ್ಲ. ಸುದ್ದಿ ತಂದ ಕೂಸು ಈಗ ಹುಬ್ಬಳ್ಳಿಯಲ್ಲಿ ಓದುತ್ತಿದೆ. ಹಬ್ಬಕ್ಕೆ ಊರಿಗೆ ಬಂದಾಗ ದಾರಿಯಲ್ಲಿ ಭೆಟ್ಟಿಯಾದರೆ, “ಆರಾಮ ಇದ್ದೀರೇನ್ರಿ ಮಾಸ್ತರ?” ಎಂದು ತಾನೇ ಮೊದಲು ಕೇಳುತ್ತದೆ. ಉತ್ತರ ಕೊಡುವ ಮೊದಲು ನನಗೆ ಒಂದು ಕ್ಷಣ ಬೇಕಾಗುತ್ತದೆ.